ಹಳೆಯ ಮದುವೆ ಕ್ಯಾಸೆಟ್ ಉಳಿಸಿಕೊಳ್ಳಲು: ಯಾವ ಕೇಬಲ್, ಯಾವ ಫೈಲು, ಯಾವ ಡಿಸ್ಕು?

ಮಿನಿ ಡಿವಿ ಎಂಬ ಸಣ್ಣ ಡಿಜಿಟಲ್ ವೀಡಿಯೊ ಕ್ಯಾಸೆಟ್ ಒಂದನ್ನು ಕಂಪ್ಯೂಟರಿಗೆ ಇಳಿಸಲು ಬೇಕಾಗುವುದು ಒಂದು ಗಂಟೆ ಸಮಯ, 13 ಜಿಬಿ ಜಾಗ ಮತ್ತು ಸರಿಯಾಗಿ ಓಡುವ ಒಂದು ಕ್ಯಾಮೆರಾ. ಮೊದಲೆರಡು ಇವತ್ತು ಯಾರಿಗೂ ಕಷ್ಟವಲ್ಲ. ಮೂರನೆಯದು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿದೆ. ವಿಎಚ್‌ಎಸ್ ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರದ ಕಥೆಯೂ ಅದೇ: ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಕ್ಯಾಸೆಟ್ ಇನ್ನೂ ಹತ್ತು ವರ್ಷ ತಾಳಿದರೂ ಅದನ್ನು ಓದುವ ಯಂತ್ರ ತಾಳುತ್ತದೆ ಎಂಬ ಭರವಸೆ ಇಲ್ಲ.

ಅದಕ್ಕೇ ಈ ಕೆಲಸದಲ್ಲಿ ಆಯ್ಕೆ ಎದುರಾದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ತಪ್ಪಿದರೆ ಮತ್ತೆ ಮಾಡಲು ಆಗುತ್ತದೆಯೇ? ಎಡಿಟಿಂಗ್ ಮತ್ತೆ ಮಾಡಬಹುದು. ಡಿವಿಡಿ ಮತ್ತೆ ಸುಡಬಹುದು. ಟೇಪಿನಿಂದ ಇಳಿಸುವ ಕೆಲಸಕ್ಕೆ ಮಾತ್ರ ಇನ್ನೊಂದು ಅವಕಾಶ ಸಿಗದೇ ಹೋಗಬಹುದು. ಹಣ, ಸಮಯ, ತಾಳ್ಮೆ ಎಲ್ಲವನ್ನೂ ಅಲ್ಲಿ ಸುರಿಯಿರಿ. ಉಳಿದ ಕಡೆ ಕೈ ಬಿಗಿ ಹಿಡಿದರೂ ನಷ್ಟವಿಲ್ಲ.

ಮೊದಲು ಯಾವುದನ್ನು ಎತ್ತಿಕೊಳ್ಳಬೇಕು

ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇವು: ತೊಂಬತ್ತರ ದಶಕದ ಮದುವೆ, ಉಪನಯನಗಳ ವಿಎಚ್‌ಎಸ್ ಕ್ಯಾಸೆಟ್, ಆಮೇಲಿನ 8 ಮಿಮೀ ಕ್ಯಾಸೆಟ್‌ಗಳಾದ ವೀಡಿಯೊ 8 ಅಥವಾ ಹೈ 8, 2000ದ ಆಚೀಚೆ ಸ್ಟುಡಿಯೋಗಳು ಕೊಟ್ಟ ವಿಸಿಡಿ, ಮಿನಿ ಡಿವಿ, ಅಂಗೈ ಅಗಲದ 8 ಸೆಂಟಿಮೀಟರ್ ಡಿವಿಡಿ, ಕೊನೆಗೆ ಮೆಮೊರಿ ಕಾರ್ಡಿನ ಕ್ಯಾಮೆರಾಗಳು.

ಡಿಸ್ಕುಗಳಿಂದ ಶುರು ಮಾಡಿ. ಒಂದು ವಿಸಿಡಿ ಅಥವಾ ಡಿವಿಡಿಯನ್ನು ನಕಲು ಮಾಡಲು ಹತ್ತು ಹದಿನೈದು ನಿಮಿಷ ಸಾಕು. ಮನೆಯಲ್ಲಿ ಸುಟ್ಟ ಡಿಸ್ಕಿನ ಒಳಗಿರುವುದು ಸಾವಯವ ಬಣ್ಣದ ಪದರ. ಬಿಸಿಲು, ಸೆಖೆ, ತೇವಕ್ಕೆ ಅದು ಮಾಸುತ್ತದೆ. ಅಗ್ಗದ ಡಿಸ್ಕು ಯಾವ ದಿನ ಕೈಕೊಡುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಆಮೇಲೆ ಮಿನಿ ಡಿವಿ, ಏಕೆಂದರೆ ಕ್ಯಾಮೆರಾ ಸಿಕ್ಕಿದ್ದಾಗಲೇ ಮುಗಿಸಬೇಕು. ವಿಎಚ್‌ಎಸ್ ಕೊನೆಗಿರಲಿ. ಅದರ ಕೆಲಸ ನಿಧಾನ, ಅನುಭವವೂ ಬೇಕು.

ಇದಕ್ಕೊಂದು ಹೊರತು ಇದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕ್ಯಾಸೆಟ್ಟಿನ ಕಿಟಕಿಯಿಂದ ಇಣುಕಿದರೆ ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಕಾಣಿಸುವುದುಂಟು. ಅಂಥ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಬೂಷ್ಟು ಟೇಪನ್ನು ಓದುವ ಹೆಡ್‌ಗೆ ಅಂಟಿಕೊಂಡು ಮುಂದೆ ಹಾಕುವ ಕ್ಯಾಸೆಟ್‌ಗಳಿಗೂ ಹಬ್ಬುತ್ತದೆ. ಉಳಿದವುಗಳಿಂದ ಬೇರ್ಪಡಿಸಿ, ಒಣ ಜಾಗದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಟೇಪು ಶುಚಿ ಮಾಡುವುದನ್ನೇ ಕಸುಬಾಗಿಟ್ಟುಕೊಂಡವರ ಕೈಗೆ ಅದನ್ನು ಒಪ್ಪಿಸಿ.

ಮಿನಿ ಡಿವಿ: ಫೈರ್‌ವೈರ್, ಎವಿ ಕೇಬಲ್, ಯುಎಸ್‌ಬಿ

ಮಿನಿ ಡಿವಿ ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ಆದ ಮಾಹಿತಿ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಅದನ್ನು ಇದ್ದದ್ದು ಇದ್ದ ಹಾಗೆ ಫೈಲಿಗೆ ಇಳಿಸುತ್ತದೆ. ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್, ದನಿ ಮತ್ತು ಟೈಮ್‌ಕೋಡ್ (ಪ್ರತಿ ಫ್ರೇಮಿನ ಕ್ರಮಸಂಖ್ಯೆ) ಸೇರಿದರೆ ಸುಮಾರು 3.6 ಮೆಗಾಬೈಟ್. ಪ್ರತಿ ಫ್ರೇಮಿನ ಜೊತೆ ಶೂಟ್ ಮಾಡಿದ ದಿನಾಂಕ, ಗಂಟೆ, ನಿಮಿಷವೂ ಬರುತ್ತದೆ. ಯಾರ ನಾಮಕರಣ ಯಾವ ವರ್ಷ ಎಂದು ಮುಂದೆ ಹುಡುಕುವವರಿಗೆ ಇದು ದೊಡ್ಡ ಆಸ್ತಿ. ಹಳದಿ-ಬಿಳಿ-ಕೆಂಪು ಎವಿ ಕೇಬಲ್ ಹಾಕಿದರೆ ಡಿಜಿಟಲ್ ಚಿತ್ರ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ. ಬಣ್ಣ ಮಸುಕಾಗುತ್ತದೆ, ಅಂಚು ಹರಿದಾಡುತ್ತದೆ, ದಿನಾಂಕದ ಮಾಹಿತಿ ಪೂರ್ತಿ ಹೋಗುತ್ತದೆ. ಫೈರ್‌ವೈರ್ ಪೋರ್ಟು ಸುಟ್ಟುಹೋದ ಕ್ಯಾಮೆರಾ ಮಾತ್ರ ಉಳಿದಿದ್ದರೆ ಎವಿ ಕೇಬಲ್ಲಿಗೆ ಕೈ ಹಾಕಿ. ಅದಕ್ಕೂ ಮುಂಚೆ ಬೇರೆ ಕ್ಯಾಮೆರಾ ಎರವಲು ಸಿಗುತ್ತದೆಯೇ ನೋಡಿ.

ಬಹಳ ಜನ ಎಡವುವುದು ಯುಎಸ್‌ಬಿಯಲ್ಲಿ. ಹೆಚ್ಚಿನ ಮಿನಿ ಡಿವಿ ಕ್ಯಾಮೆರಾಗಳ ಯುಎಸ್‌ಬಿ ಪೋರ್ಟು ಇರುವುದು ಮೆಮೊರಿ ಕಾರ್ಡಿನ ಫೋಟೋಗಳಿಗೆ ಅಥವಾ ವೆಬ್‌ಕ್ಯಾಮ್ ದರ್ಜೆಯ ಸಣ್ಣ ಚಿತ್ರಕ್ಕೆ. ಟೇಪಿನ ಪೂರ್ಣ ಗುಣಮಟ್ಟ ಅದರಲ್ಲಿ ಬರುವುದಿಲ್ಲ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಅಗ್ಗದ ಕೇಬಲ್‌ಗಳನ್ನು ಕೊಳ್ಳಲೇಬೇಡಿ. ಅವುಗಳ ಒಳಗೆ ಬರೀ ತಂತಿ ಇರುತ್ತದೆ, ಒಂದು ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ಚಿಪ್ ಇರುವುದಿಲ್ಲ. ವೀಡಿಯೊ ಬರುವುದಿಲ್ಲ, ಪೋರ್ಟಿಗೆ ಹಾನಿಯೂ ಆಗಬಹುದು.

ಡೆಸ್ಕ್‌ಟಾಪ್ ಇದ್ದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡು ಹಾಕಿಸುವುದು ಎಲ್ಲಕ್ಕಿಂತ ನೆಮ್ಮದಿಯ ದಾರಿ. ವಿಂಡೋಸ್ 8ರಿಂದೀಚೆಗೆ ಫೈರ್‌ವೈರಿನ ಹಳೆಯ (1394) ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಕ್ಯಾಮೆರಾ ಕಾಣಿಸದಿದ್ದರೆ, ಅಥವಾ ಕಾಣಿಸಿಯೂ ಚಿತ್ರ ಬರದಿದ್ದರೆ, ಮೈಕ್ರೋಸಾಫ್ಟ್ ಬೇರೆಯಾಗಿ ಕೊಟ್ಟಿರುವ ‘ಲೆಗಸಿ’ ಡ್ರೈವರ್ ಹಾಕಿ ಡಿವೈಸ್ ಮ್ಯಾನೇಜರಿನಲ್ಲಿ ಅದನ್ನೇ ಆರಿಸಿ. ಮ್ಯಾಕ್ ಇರುವವರು ಥಂಡರ್‌ಬೋಲ್ಟ್ 3ರಿಂದ 2ಕ್ಕೆ, 2ರಿಂದ ಫೈರ್‌ವೈರ್‌ಗೆ ಎರಡು ಅಡಾಪ್ಟರ್ ಜೋಡಿಸಿ ಮಾಡಬಹುದಿತ್ತು. 2025ರ ಮ್ಯಾಕ್ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಹಳೆಯ ಮ್ಯಾಕ್ ಇದ್ದರೆ ಈ ಕೆಲಸ ಮುಗಿಯುವ ತನಕ ಅದನ್ನು ಅಪ್‌ಡೇಟ್ ಮಾಡಬೇಡಿ. ಲಿನಕ್ಸಿನಲ್ಲಿ ಇವತ್ತಿಗೂ ಫೈರ್‌ವೈರ್ ತಕರಾರಿಲ್ಲದೆ ಓಡುತ್ತದೆ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕು ಪಿನ್ನಿನ ಫೈರ್‌ವೈರ್ ಕಿಂಡಿ ಕಂಡರೆ ಅದಕ್ಕೆ ಲಿನಕ್ಸ್ ಹಾಕಿ. ಅದಕ್ಕಿಂತ ಅಗ್ಗದ ಏರ್ಪಾಡು ಇನ್ನೊಂದಿಲ್ಲ.

ಆರು ಪಿನ್ನಿನ ಫೈರ್‌ವೈರ್ ಕೇಬಲ್ಲಿನಲ್ಲಿ ವಿದ್ಯುತ್ತೂ ಹರಿಯುತ್ತದೆ. ಅದನ್ನು ತಿರುವುಮುರುವಾಗಿ ಒತ್ತಿದರೆ ಕ್ಯಾಮೆರಾದ ಪೋರ್ಟು ಅಲ್ಲಿಗೇ ಮುಗಿಯಿತು. ಎರಡೂ ಕಡೆ ಸ್ವಿಚ್ ಆಫ್ ಇದ್ದಾಗ ಜೋಡಿಸಿ, ಆಮೇಲೆ ಆನ್ ಮಾಡಿ.

ಇಳಿಸುವ ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಂಡೋಸಿನಲ್ಲಿ ವಿನ್‌ಡಿವಿ, ಲಿನಕ್ಸಿನಲ್ಲಿ ಡಿವಿಗ್ರ್ಯಾಬ್ ಸಾಕು, ಎರಡೂ ಉಚಿತ. ಟೇಪು ಹಾಳಾಗಿದ್ದರೆ ಡಿವಿರೆಸ್ಕ್ಯೂ ಉಪಯೋಗಕ್ಕೆ ಬರುತ್ತದೆ. ಅದೇ ಟೇಪನ್ನು ಎರಡು ಮೂರು ಸಲ ಇಳಿಸಿ, ಪ್ರತಿ ಸಲದ ಒಳ್ಳೆಯ ಭಾಗಗಳನ್ನು ಆರಿಸಿ ಒಂದೇ ಫೈಲು ಮಾಡಲು ಅದರಲ್ಲಿ ವ್ಯವಸ್ಥೆ ಇದೆ. ನಿಮ್ಮ ಪ್ರೋಗ್ರಾಮು ಇಳಿಸುವಾಗಲೇ ಎಂಪಿ4ಗೆ ಕುಗ್ಗಿಸುತ್ತಿಲ್ಲ ಎಂಬುದನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಒಂದು ಗಂಟೆಯ ಫೈಲು 13 ಜಿಬಿಯ ಆಸುಪಾಸು ಇದ್ದರೆ ಸರಿ. 2 ಜಿಬಿ ಇದ್ದರೆ ಎಲ್ಲೋ ಕುಗ್ಗಿದೆ.

ಟೇಪು ಹಾಕುವ ಮುನ್ನ ಅದರ ಬೆನ್ನಿನ ಸಣ್ಣ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿ. ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಬಿಗಿಯಾಗಿ ಕೂತ ರೀಲು ಸಡಿಲವಾಗುತ್ತದೆ.

ಇಲ್ಲಿ ಬರುವ ತೊಂದರೆಗಳನ್ನು ಚಿತ್ರ ನೋಡಿಯೇ ಗುರುತಿಸಬಹುದು. ಚಿತ್ರ ಅಡ್ಡಪಟ್ಟಿಗಳಾಗಿ ಸೀಳಿ, ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ನಿಂತುಹೋಗಿದ್ದರೆ ಎರಡು ಹೆಡ್‌ಗಳಲ್ಲಿ ಒಂದಕ್ಕೆ ಕೊಳೆ ಕಟ್ಟಿದೆ. ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ನಿಲ್ಲಿಸಿ. ಹೆಚ್ಚು ಓಡಿಸಿದರೆ ಹೆಡ್ ಸವೆಯುತ್ತದೆ. ಅಲ್ಲಲ್ಲಿ ಚೌಕಳಿ ಚೌಕಳಿಯಾಗಿ ಒಡೆದು ದನಿಯೂ ಕಟಕಟ ಎಂದರೆ ತೊಂದರೆ ಟೇಪಿನದು, ಅಥವಾ ಅದನ್ನು ಎಲ್‌ಪಿ ವೇಗದಲ್ಲಿ ರೆಕಾರ್ಡ್ ಮಾಡಿರಬೇಕು. ಎಲ್‌ಪಿಯಲ್ಲಿ 60 ನಿಮಿಷದ ಟೇಪಿಗೆ 90 ನಿಮಿಷ ತುಂಬಿಸುತ್ತಾರೆ, ಗೆರೆಗಳು ಕಿರಿದಾಗಿರುತ್ತವೆ. ಅಂಥ ಟೇಪು ರೆಕಾರ್ಡ್ ಮಾಡಿದ ಕ್ಯಾಮೆರಾದಲ್ಲೇ ಚೆನ್ನಾಗಿ ಓಡುತ್ತದೆ. ಆ ಕ್ಯಾಮೆರಾ ಯಾವ ನೆಂಟರ ಮನೆಯಲ್ಲಿದೆ ಎಂದು ಹುಡುಕುವ ಶ್ರಮ ವ್ಯರ್ಥವಾಗುವುದಿಲ್ಲ. ಪ್ರತಿ ಫೈಲೂ ಹದಿನೆಂಟು ಹತ್ತೊಂಬತ್ತು ನಿಮಿಷಕ್ಕೆ ನಿಂತುಹೋಗುತ್ತಿದ್ದರೆ ಕ್ಯಾಮೆರಾದ ತಪ್ಪಿಲ್ಲ: ನಿಮ್ಮ ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ.

ವೀಡಿಯೊ 8, ಹೈ 8

ಇಲ್ಲೊಂದು ಒಳದಾರಿ ಇದೆ. ಸೋನಿಯ ಡಿಜಿಟಲ್ 8 ಕ್ಯಾಮೆರಾಗಳಲ್ಲಿ ಕೆಲವು ಮಾದರಿಗಳು ಹಳೆಯ ಅನಲಾಗ್ 8 ಮಿಮೀ ಕ್ಯಾಸೆಟ್‌ಗಳನ್ನೂ ಓಡಿಸಿ, ಫೈರ್‌ವೈರ್ ಮೂಲಕ ಡಿವಿಯಾಗಿ ಕಳಿಸುತ್ತವೆ. ಎಲ್ಲ ಮಾದರಿಗಳಲ್ಲೂ ಇದು ಇಲ್ಲ. ಕೊಳ್ಳುವ ಮುಂಚೆ ಹೈ 8 ಓಡುತ್ತದೆಯೇ ಎಂದು ಕ್ಯಾಸೆಟ್ ಹಾಕಿಯೇ ನೋಡಿ. ಸಿಕ್ಕರೆ ಬೇರೆ ಯಾವ ಉಪಕರಣವೂ ಬೇಡ.

ವಿಎಚ್‌ಎಸ್: ಅಗ್ಗದ ಡಾಂಗಲ್, ಡಿವಿಡಿ ರೆಕಾರ್ಡರ್, ಸ್ಟುಡಿಯೋ

ವಿಎಚ್‌ಎಸ್‌ನಲ್ಲಿ ಗುಣಮಟ್ಟ ನಿಂತಿರುವುದು ವಿಸಿಆರ್ ಮೇಲೆ. ಸವೆದ ವಿಸಿಆರ್‌ಗೆ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಎಷ್ಟು ದುಬಾರಿ ಕ್ಯಾಪ್ಚರ್ ಕಾರ್ಡು ಹಾಕಿದರೂ ಫಲ ಅಷ್ಟೆ. ಟೇಪು ಓಡುವಾಗ ಪ್ರತಿ ಗೆರೆಯ ಸಮಯ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಹಳೆಯ ಟಿವಿಗಳು ಅದನ್ನು ಸಹಿಸಿಕೊಳ್ಳುತ್ತಿದ್ದವು. ಕ್ಯಾಪ್ಚರ್ ಉಪಕರಣಕ್ಕೆ ಆ ತಾಳ್ಮೆ ಇಲ್ಲ: ಚಿತ್ರದ ಮೇಲ್ಭಾಗ ಬಾಗುತ್ತದೆ, ಕಂಬ ಗೋಡೆಗಳು ಅಲೆಯಾಡುತ್ತವೆ, ಫ್ರೇಮುಗಳು ಬಿಟ್ಟುಹೋಗುತ್ತವೆ. ಅದನ್ನು ಸರಿಪಡಿಸುವ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಎನ್ನುತ್ತಾರೆ.

ಸಂತೆಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ಲಿನಲ್ಲಿ ಈ ಸರಿಪಡಿಕೆ ಇಲ್ಲ. ಒಳ್ಳೆಯ ಟೇಪಿಗೆ ಅದು ನಡೆಯುತ್ತದೆ. ಹತ್ತಾರು ಸಲ ಓಡಿ ಸವೆದ ಮದುವೆ ಟೇಪಿಗೆ ನಡೆಯುವುದಿಲ್ಲ. ಡಿವಿಡಿ ರೆಕಾರ್ಡರಿನಲ್ಲಿ ನೇರ ಡಿಸ್ಕಿಗೆ ಇಳಿಸುವುದು ಸುಲಭ. ಆದರೆ ಆಗ ಸಿಗುವ ಏಕೈಕ ಪ್ರತಿಯೇ ಎಂಪೆಗ್-2ಗೆ ಕುಗ್ಗಿದ ಪ್ರತಿ. ರೆಕಾರ್ಡರನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದು. ಪ್ಯಾನಾಸಾನಿಕ್ ಡಿಎಂಆರ್-ಇಎಸ್10ರಂಥ ಕೆಲವು ಮಾದರಿಗಳು ತಮ್ಮ ಮೂಲಕ ಹಾದುಹೋಗುವ ಚಿತ್ರದ ಗೆರೆಗಳನ್ನು ನೇರ ಮಾಡುತ್ತವೆ. ಡಿಸ್ಕು ಹಾಕದೆ, ವಿಸಿಆರ್ ಮತ್ತು ಕ್ಯಾಪ್ಚರ್ ಉಪಕರಣದ ನಡುವೆ ಅದನ್ನು ಇಟ್ಟರೆ ಬಾಗಿದ ಚಿತ್ರ ನೆಟ್ಟಗಾಗುತ್ತದೆ. ವಿಎಚ್‌ಎಸ್ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಈ ಜೋಡಣೆಗೆ ಹಣ ಹಾಕಬಹುದು. ನಾಲ್ಕೈದೇ ಇದ್ದರೆ ಸ್ಟುಡಿಯೋಗೆ ಕೊಡಿ.

ಸ್ವತಃ ಮಾಡುವವರು 720×576 ಗಾತ್ರದಲ್ಲಿ, ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ, ಇಂಟರ್‌ಲೇಸ್ (ಒಂದು ಫ್ರೇಮನ್ನು ಗೆರೆ ಬಿಟ್ಟು ಗೆರೆಯಂತೆ ಎರಡು ಫೀಲ್ಡ್ ಮಾಡಿ ತೋರಿಸುವ ಕ್ರಮ) ಹಾಗೇ ಉಳಿಸಿ, ಗುಣ ಕಳೆಯದೆ ಕುಗ್ಗಿಸುವ ‘ನಷ್ಟವಿಲ್ಲದ’ ಕೋಡೆಕ್‌ಗೆ ಇಳಿಸಿ: ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1. ಗಂಟೆಗೆ ಸುಮಾರು 25ರಿಂದ 35 ಜಿಬಿ ಹಿಡಿಯುತ್ತದೆ. ವರ್ಚುವಲ್‌ಡಬ್2 ಈ ಕೆಲಸಕ್ಕೆ ತಕ್ಕದ್ದು. ಸ್ಕ್ರೀನ್ ರೆಕಾರ್ಡ್ ಮಾಡುವ ಓಬಿಎಸ್ ಪ್ರೋಗ್ರಾಮನ್ನು ಇಲ್ಲಿ ಬಳಸಬೇಡಿ. ಅದು ಇಂಟರ್‌ಲೇಸ್ ಚಿತ್ರವನ್ನು ಉಳಿಸಿಕೊಳ್ಳುವುದಿಲ್ಲ, ಚಲನೆಯ ಅರ್ಧ ಮಾಹಿತಿ ಅಲ್ಲೇ ಹೋಗುತ್ತದೆ. ಚಿತ್ರದ ತೀರಾ ಕೆಳಗೆ ಮುರುಟಿದಂತೆ ಕಾಣುವ ಕೆಲವು ಗೆರೆಗಳು ವಿಎಚ್‌ಎಸ್‌ನ ಸಹಜ ಗುರುತು. ಮೂಲ ಪ್ರತಿಯಲ್ಲಿ ಅದನ್ನು ಕತ್ತರಿಸದೆ ಬಿಡಿ.

ಸ್ಟುಡಿಯೋಗೆ ಕೊಡುವುದಾದರೆ ‘ಡಿವಿಡಿ ಮಾಡಿಕೊಡಿ’ ಎನ್ನಬೇಡಿ. ಹಾಗೆಂದರೆ ಡಿವಿಡಿಯೇ ಸಿಗುತ್ತದೆ. ಮಿನಿ ಡಿವಿಯಾದರೆ ‘ಫೈರ್‌ವೈರಿನಿಂದ ಇಳಿಸಿದ ಡಿವಿ ಎವಿಐ ಫೈಲೇ ಬೇಕು’ ಎನ್ನಿ. ವಿಎಚ್‌ಎಸ್ ಆದರೆ ನಷ್ಟವಿಲ್ಲದ ಫೈಲು, ಅದು ಆಗದಿದ್ದರೆ ಡಿವಿ ಫೈಲು ಕೇಳಿ. ನಿಮ್ಮದೇ ಹಾರ್ಡ್‌ಡಿಸ್ಕ್ ಕೊಡಿ, ಮೊದಲು ಒಂದೇ ಕ್ಯಾಸೆಟ್ ಕೊಟ್ಟು ಫಲ ನೋಡಿ, ಕ್ಯಾಸೆಟ್‌ಗಳನ್ನು ಎಣಿಸಿ ಹಿಂದಕ್ಕೆ ಪಡೆಯಿರಿ.

ಇನ್ನೂ ಒಂದು ವಿಷಯ. ಮದುವೆಯ ಎಡಿಟ್ ಆದ ಪ್ರತಿ ಇದೆ ಎಂದು ಕಚ್ಚಾ ಕ್ಯಾಸೆಟ್‌ಗಳನ್ನು ಬಿಟ್ಟುಬಿಡಬೇಡಿ. ಆ ಕಾಲದ ಎಡಿಟಿಂಗಿನಲ್ಲಿ ಧಾರೆಯ ಹೊತ್ತಿನ ಓಲಗ, ಪುರೋಹಿತರ ಮಂತ್ರ, ಅಜ್ಜಿಯರು ಹೇಳಿದ ಹಾಡು ಎಲ್ಲವನ್ನೂ ತೆಗೆದು ಮೇಲೆ ಸಿನಿಮಾ ಹಾಡು ಹಾಕುತ್ತಿದ್ದರು. ತೀರಿಹೋದವರ ದನಿ ಉಳಿದಿರುವುದು ಆ ಕಚ್ಚಾ ಟೇಪಿನಲ್ಲಿ ಮಾತ್ರ.

ವಿಸಿಡಿ ಮತ್ತು ಸಣ್ಣ ಡಿವಿಡಿ

ವಿಸಿಡಿಯಲ್ಲಿ ಎಂಪೆಗ್-1 ಚಿತ್ರ 352×288 ಗಾತ್ರದಲ್ಲಿರುತ್ತದೆ. ಅದನ್ನು ಹಿಗ್ಗಿಸಿ ಚಂದ ಮಾಡುವ ಆಸೆ ಆಮೇಲಿರಲಿ, ಮೊದಲು ಇದ್ದದ್ದನ್ನು ಹೊರತೆಗೆಯಿರಿ. ‘ಎಂಪೆಗ್‌ಎವಿ’ ಫೋಲ್ಡರಿನ ಡ್ಯಾಟ್ ಫೈಲನ್ನು ಎಳೆದು ಹಾಕಿದರೆ ಎಷ್ಟೋ ಸಲ ಅರ್ಧಕ್ಕೇ ದೋಷ ತೋರಿಸಿ ನಿಲ್ಲುತ್ತದೆ. ಕಾರಣ ಸರಳ: ಡಿಸ್ಕಿನಲ್ಲಿ ಹೆಚ್ಚು ವೀಡಿಯೊ ಹಿಡಿಸಲು ವಿಸಿಡಿಯ ವೀಡಿಯೊ ಭಾಗದಲ್ಲಿ ದೋಷ ತಿದ್ದುವ ಹೆಚ್ಚುವರಿ ಮಾಹಿತಿಯನ್ನು ಕೈಬಿಟ್ಟಿದ್ದಾರೆ. ಮಾಮೂಲಿ ಡೇಟಾ ಸಿಡಿ ತಾಳಿಕೊಳ್ಳುವ ಗೀರು ವಿಸಿಡಿಗೆ ಮಾರಕ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಐಸೋಬಸ್ಟರ್‌ನಂಥ ಪ್ರೋಗ್ರಾಮಿನಲ್ಲಿ ಓದದ ಭಾಗವನ್ನು ಬಿಟ್ಟು ಮುಂದೆ ಹೋಗುವಂತೆ ಹೇಳಿ. ಎರಡು ಕ್ಷಣ ಚಿತ್ರ ಒಡೆದರೂ ಉಳಿದ 70 ನಿಮಿಷ ಸಿಗುತ್ತದೆ. ಅದೇ ಡಿಸ್ಕನ್ನು ಬೇರೆ ಡ್ರೈವಿನಲ್ಲಿ ಹಾಕಿ ನೋಡುವುದನ್ನು ಮರೆಯಬೇಡಿ. ಒಂದರಲ್ಲಿ ಓದದ್ದು ಇನ್ನೊಂದರಲ್ಲಿ ಸಲೀಸಾಗಿ ಓದುತ್ತದೆ.

ಕ್ಯಾಮೆರಾದ 8 ಸೆಂಟಿಮೀಟರ್ ಡಿವಿಡಿ ಕಂಪ್ಯೂಟರಿನಲ್ಲಿ ಖಾಲಿ ಎಂದು ತೋರಿಸಿದರೆ ಗಾಬರಿ ಬೇಡ, ಬಹುಶಃ ಅದು ‘ಫೈನಲೈಸ್’ ಆಗಿಲ್ಲ, ಅಂದರೆ ಬೇರೆ ಯಂತ್ರಗಳು ಓದುವಂತೆ ಮುಗಿಸಿಲ್ಲ. ಅದೇ ಕ್ಯಾಮೆರಾ ಓಡುತ್ತಿದ್ದರೆ ಮೆನುವಿನಿಂದ ಫೈನಲೈಸ್ ಮಾಡಿ; ಬ್ಯಾಟರಿ ನಂಬದೆ ಅಡಾಪ್ಟರ್ ಹಾಕಿ, ನಡುವೆ ಕರೆಂಟು ಹೋದರೆ ಡಿಸ್ಕೇ ಕೆಡಬಹುದು. ಕ್ಯಾಮೆರಾ ಸತ್ತಿದ್ದರೆ ಇಲ್ಲೂ ಐಸೋಬಸ್ಟರ್ ಕೈ ಹಿಡಿಯುತ್ತದೆ. ಟ್ರೇಯಲ್ಲಿ ಸಣ್ಣ ಡಿಸ್ಕನ್ನು ಒಳಗಿನ ಗುಳಿಯಲ್ಲಿ ಕೂರಿಸಿ. ಬಾಯಿಯಲ್ಲಿ ನುಂಗುವ ಸ್ಲಾಟ್ ಮಾದರಿಯ ಡ್ರೈವಿಗೆ ಅದನ್ನು ಹಾಕಲೇಬಾರದು.

ಮೆಮೊರಿ ಕಾರ್ಡಿಗೆ ಎಂಟಿಎಸ್ ಫೈಲು ಬರೆಯುವ ಎವಿಸಿಎಚ್‌ಡಿ ಬಗೆಯ ಕ್ಯಾಮೆರಾಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಕಾರ್ಡಿನ ಪೂರ್ತಿ ಫೋಲ್ಡರ್ ರಚನೆಯನ್ನು ಹಾಗೇ ನಕಲಿಸಿ. ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ತುಂಡು ಫೈಲಾಗಿ ಬರೆದಿರುತ್ತದೆ. ಎಂಟಿಎಸ್ ಮಾತ್ರ ಆರಿಸಿ ತಂದು ಜೋಡಿಸಿದರೆ ಪ್ರತಿ ಬೆಸುಗೆಯಲ್ಲೂ ದನಿ ಕ್ಷಣ ಕಾಲ ತಪ್ಪುತ್ತದೆ.

ಎಡಿಟಿಂಗ್: ಏನು ಕೆಡುತ್ತದೆ, ಏಕೆ

ಬರೀ ಬೇಡದ ಭಾಗ ಕತ್ತರಿಸುವುದಷ್ಟೇ ಆದರೆ ಎಡಿಟರ್ ಬೇಕಿಲ್ಲ, ಲಾಸ್‌ಲೆಸ್‌ಕಟ್ ಸಾಕು. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಬೇಕಾದರೂ ಕತ್ತರಿ ಹಾಕಬಹುದು. ಡಿವಿಡಿಯ ಎಂಪೆಗ್-2ರಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಪೂರ್ಣ ಫ್ರೇಮು ಇರುತ್ತದೆ. ಮತ್ತೆ ಕುಗ್ಗಿಸದೆ ಕತ್ತರಿಸುವುದಾದರೆ ಅಲ್ಲಿ ಮಾತ್ರ. ಹೆಸರು, ಹಾಡು, ಬಣ್ಣ ತಿದ್ದುವುದು ಬೇಕಾದರೆ ಉಚಿತವಾದ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಒಳ್ಳೆಯವು. ಎರಡೂ ಡಿವಿ ಫೈಲನ್ನು ತಕರಾರಿಲ್ಲದೆ ತೆರೆಯುತ್ತವೆ. ಡಾವಿಂಚಿ ರಿಸಾಲ್ವ್ ಬಣ್ಣಕ್ಕೆ ಹೆಸರಾದದ್ದು. ಆದರೆ ಇಂಟರ್‌ಲೇಸ್ ಕೆಲಸಕ್ಕೆ ಅದರಲ್ಲಿ ಸೆಟ್ಟಿಂಗುಗಳನ್ನು ಹುಡುಕಿ ಬದಲಿಸಬೇಕು. ಹಳೆಯ ಟೇಪಿಗಾಗಿಯೇ ಅದನ್ನು ಕಲಿಯಿರಿ ಎಂದು ಹೇಳಲಾರೆವು.

ದನಿ ಮತ್ತು ತುಟಿ ಹೊಂದದಿದ್ದರೆ ಅದು ಹೇಗೆ ತಪ್ಪುತ್ತಿದೆ ಎಂಬುದನ್ನು ಮೊದಲು ಗಮನಿಸಿ. ಆರಂಭದಲ್ಲಿ ಸರಿಯಿದ್ದು ಒಂದೇ ಸಮನೆ ಸರಿಯುತ್ತಾ ಹೋದರೆ ಎರಡು ಗಡಿಯಾರಗಳ ಜಗಳ: ಚಿತ್ರ ಕ್ಯಾಪ್ಚರ್ ಉಪಕರಣದಿಂದ, ದನಿ ಕಂಪ್ಯೂಟರಿನ ಸೌಂಡ್‌ಕಾರ್ಡಿನಿಂದ ಬಂದಿದೆ. ದನಿಯನ್ನು ಶೇಕಡಾ ಲೆಕ್ಕದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿದರೆ ಸರಿಹೋಗುತ್ತದೆ. ಒಂದು ಜಾಗದಲ್ಲಿ ಥಟ್ಟನೆ ತಪ್ಪಿ, ಆಮೇಲೆ ಅಷ್ಟೇ ಅಂತರದಲ್ಲಿ ಉಳಿದರೆ ಅಲ್ಲಿ ಫ್ರೇಮುಗಳು ಬಿದ್ದುಹೋಗಿವೆ. ಹಿಗ್ಗಿಸುವುದರಿಂದ ಪ್ರಯೋಜನವಿಲ್ಲ, ಆ ಜಾಗದಲ್ಲಿ ಕತ್ತರಿಸಿ ಸರಿಸಬೇಕು, ಸಾಧ್ಯವಾದರೆ ಮತ್ತೆ ಇಳಿಸಬೇಕು. ಮಿನಿ ಡಿವಿಯಲ್ಲಿ ಮೂರನೆಯ ಬಗೆಯೂ ಇದೆ. ಒಂದೇ ಟೇಪಿನಲ್ಲಿ ಅರ್ಧ 16 ಬಿಟ್ 48 ಕಿಲೋಹರ್ಟ್ಸ್, ಅರ್ಧ 12 ಬಿಟ್ 32 ಕಿಲೋಹರ್ಟ್ಸ್ ದನಿ ಇದ್ದರೆ, ಬದಲಾದ ಜಾಗದಿಂದ ಮುಂದೆ ಮಾತು ಕೀರಲಾಗುತ್ತದೆ ಅಥವಾ ಎಳೆಯುತ್ತದೆ. ಅಲ್ಲಿ ಫೈಲನ್ನು ಎರಡಾಗಿ ಸೀಳಿ, 32ರ ಭಾಗದ ದನಿಯನ್ನು 48ಕ್ಕೆ ಬದಲಿಸಿ, ಆಮೇಲೆ ಜೋಡಿಸಿ. ಇವತ್ತಿನ ಮೊಬೈಲ್ ವೀಡಿಯೊವನ್ನು ಹಳೆಯದರ ಜೊತೆ ಬೆರೆಸುವಾಗಲೂ ದನಿ ತಪ್ಪುತ್ತದೆ. ಮೊಬೈಲಿನ ಫ್ರೇಮ್ ವೇಗ ಸ್ಥಿರವಲ್ಲ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಮಿನಲ್ಲಿ ಸ್ಥಿರ ವೇಗ ಆರಿಸಿ ಬದಲಿಸಿಕೊಳ್ಳಿ.

ಚಲಿಸುವ ಕೈಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್‌ಲೇಸ್, ದೋಷವಲ್ಲ. ಡಿವಿಡಿಗೆ ಹೋಗುವ ವೀಡಿಯೊದಲ್ಲಿ ಅದನ್ನು ಮುಟ್ಟಬೇಡಿ, ಟಿವಿ ಮತ್ತು ಪ್ಲೇಯರ್ ನೋಡಿಕೊಳ್ಳುತ್ತವೆ. ಮೊಬೈಲಿಗೆ, ಯೂಟ್ಯೂಬಿಗೆ ಹೋಗುವ ಪ್ರತಿಯಲ್ಲಿ ಮಾತ್ರ ಡಿಇಂಟರ್‌ಲೇಸ್ ಮಾಡಿ, ಸೆಕೆಂಡಿಗೆ 50 ಫ್ರೇಮ್ ಬರುವಂತೆ. 25ಕ್ಕೆ ಇಳಿಸಿದರೆ ಕೋಲಾಟ, ಮೆರವಣಿಗೆಗಳು ಕುಂಟಿದಂತೆ ಕಾಣುತ್ತವೆ. ಹ್ಯಾಂಡ್‌ಬ್ರೇಕಿನ ಬಿಡಬ್ಲ್ಯೂಡಿಐಎಫ್ ಫಿಲ್ಟರಿನಲ್ಲಿ ಬಾಬ್ ಆಯ್ಕೆ ಸಾಕು; ತಾಳ್ಮೆ ಇರುವವರಿಗೆ ಕ್ಯೂಟಿಜಿಎಂಸಿ ಎಂಬ ಡಿಇಂಟರ್‌ಲೇಸರ್ ಇನ್ನೂ ಚೆನ್ನ, ಆದರೆ ಬಹಳ ನಿಧಾನ. ಬಾಚಣಿಗೆ ಗೆರೆ ಇಲ್ಲದೆ ಚಿತ್ರವೇ ಹಿಂದೆ ಮುಂದೆ ಜಗ್ಗಿದಂತೆ ಆದರೆ ಫೀಲ್ಡ್ ಕ್ರಮ ತಲೆಕೆಳಗಾಗಿದೆ. ಡಿವಿ ಯಾವಾಗಲೂ ಕೆಳ ಫೀಲ್ಡ್ ಮೊದಲು. ಅನಲಾಗ್ ಕ್ಯಾಪ್ಚರ್ ಸಾಮಾನ್ಯವಾಗಿ ಮೇಲಿನದು ಮೊದಲು. ಎಡಿಟರಿನ ಪ್ರಾಜೆಕ್ಟು, ಫೈಲು, ಎನ್‌ಕೋಡರ್ ಮೂರರಲ್ಲೂ ಒಂದೇ ಕ್ರಮ ಇರಬೇಕು.

ಇನ್ನು ಮದುಮಕ್ಕಳು ಗುಂಡಗೆ ಕುಳ್ಳಗೆ ಕಂಡರೆ 4:3 ಚಿತ್ರವನ್ನು 16:9ಕ್ಕೆ ಎಳೆದಿದ್ದಾರೆ. ಎಂಪಿ4 ಪ್ರತಿಯನ್ನು 768×576 ಮಾಡಿ. ಅಗಲದ ಟಿವಿಯಲ್ಲಿ ಎರಡು ಬದಿ ಕಪ್ಪು ಪಟ್ಟಿ ಬರುವುದೇ ಸರಿ.

ಡಿವಿಡಿ ಮಾಡಬೇಕೇ, ಪೆನ್‌ಡ್ರೈವ್ ಸಾಕೇ

ಹಿರಿಯರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇದ್ದು ರಿಮೋಟಿನ ಒಂದು ಗುಂಡಿ ಒತ್ತಿದರೆ ಓಡಬೇಕು ಎಂದಾದರೆ ಡಿವಿಡಿ ಮಾಡಿ. ಉಳಿದವರಿಗೆ ಎಚ್.264 ಎಂಪಿ4 ಇರುವ ಪೆನ್‌ಡ್ರೈವ್ ಸಾಕು, ಚಿತ್ರವೂ ಡಿವಿಡಿಗಿಂತ ಚೆನ್ನಾಗಿ ಉಳಿಯುತ್ತದೆ. ಅಮೆರಿಕದ ನೆಂಟರಿಗೆ ಕಳಿಸುವುದಾದರೆ ಖಂಡಿತ ಎಂಪಿ4. ಇಲ್ಲಿಯ ಪಾಲ್ ಡಿವಿಡಿ ಅಲ್ಲಿಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಎಷ್ಟೋ ಪ್ಲೇಯರುಗಳಲ್ಲಿ ಓಡುವುದಿಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ.

ಡಿವಿಡಿ ಎಂದ ಮೇಲೆ ಲೆಕ್ಕ ಇಟ್ಟುಕೊಳ್ಳಬೇಕು. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ. 192 ಕಿಲೋಬಿಟ್‌ನ ಎಸಿ-3 ದನಿ ಹಾಕಿದರೆ ಒಂದು ಗಂಟೆಗೆ ಚಿತ್ರಕ್ಕೆ ಸೆಕೆಂಡಿಗೆ 8 ಮೆಗಾಬಿಟ್ ಕೊಡಬಹುದು, ಒಂದೂವರೆ ಗಂಟೆಗೆ 6.2ರ ಸುತ್ತ, ಎರಡು ಗಂಟೆಗೆ 4.6. ಮೂರು ಗಂಟೆ ತುಂಬಿದರೆ 3ಕ್ಕೆ ಇಳಿಯುತ್ತದೆ, ಹೂವಿನ ಮಂಟಪವೆಲ್ಲ ಚೌಕಳಿಯಾಗುತ್ತದೆ. ಮೂರು ಗಂಟೆಯ ಮದುವೆಗೆ ಎರಡು ಡಿಸ್ಕು ಮಾಡಿ. 8.5 ಜಿಬಿಯ ಎರಡು ಪದರದ ಡಿಸ್ಕಿನಲ್ಲಿ ಹಿಡಿಸುತ್ತದೆ ನಿಜ, ಆದರೆ ಅದು ದುಬಾರಿ, ಸುಡುವಾಗ ಕೆಡುವುದೂ ಹೆಚ್ಚು, ಹಳೆಯ ಪ್ಲೇಯರುಗಳು ಪದರ ಬದಲಿಸುವಲ್ಲಿ ತಡವರಿಸುತ್ತವೆ. ಡಿವಿಡಿ ನಿಯಮದ ಮೇಲ್ಮಿತಿ ಚಿತ್ರಕ್ಕೆ 9.8 ಮೆಗಾಬಿಟ್ ಇದ್ದರೂ 8 ದಾಟಬೇಡಿ. ಸುಟ್ಟ ಡಿಸ್ಕಿನಿಂದ ಅಷ್ಟು ವೇಗವಾಗಿ ಓದಲಾಗದೆ ಪ್ಲೇಯರ್ ತಡೆತಡೆದು ನಿಲ್ಲುತ್ತದೆ. ದನಿಯನ್ನು ಕುಗ್ಗಿಸದ ಪಿಸಿಎಂ ಆಗಿ ಬಿಟ್ಟರೆ ಅದೊಂದೇ 1.5 ಮೆಗಾಬಿಟ್ ನುಂಗುತ್ತದೆ.

ಮೆನು, ಅಧ್ಯಾಯಗಳಿಗೆ ಡಿವಿಡಿಸ್ಟೈಲರ್ ಉಚಿತ ಮತ್ತು ಸಾಕಷ್ಟು ಒಳ್ಳೆಯದು. ನೇರ ಡಿಸ್ಕಿಗೆ ಸುಡುವ ಬದಲು ಮೊದಲು ಇಡೀ ಡಿಸ್ಕಿನ ಪ್ರತಿಯಾದ ಐಎಸ್ಓ ಫೈಲು ಮಾಡಿ, ವಿಎಲ್‌ಸಿಯಲ್ಲಿ ಪ್ರತಿ ಮೆನು ಗುಂಡಿ ಒತ್ತಿ ನೋಡಿ, ಆಮೇಲೆ ಇಮ್ಗ್‌ಬರ್ನ್‌ನಲ್ಲಿ ಸುಡಿ. ವೇಗ 4 ಅಥವಾ 8 ಪಟ್ಟು ಇರಲಿ, ವೆರಿಫೈ ಗುರುತು ಹಾಕಿರಿ. ಕಂಪ್ಯೂಟರಿನಲ್ಲಿ ಓಡುವ ಡಿಸ್ಕು ಪ್ಲೇಯರಿನಲ್ಲಿ ಓಡದಿದ್ದರೆ ಮೂರು ಸಂಗತಿ ನೋಡಿ: ಎಂಪಿ4 ಫೈಲನ್ನೇ ಡೇಟಾ ಡಿಸ್ಕಾಗಿ ಸುಟ್ಟಿರಬಹುದು; ಡಿಸ್ಕು ಫೈನಲೈಸ್ ಆಗದಿರಬಹುದು; ಹಳೆಯ ಪ್ಲೇಯರಿಗೆ ಪ್ಲಸ್-ಆರ್ ಡಿಸ್ಕು ಹಾಕಿರಬಹುದು, ಮೈನಸ್-ಆರ್ ಹಾಕಿ ನೋಡಿ. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಅಂಟು ಒಣಗಿ ಸುರುಳಿ ಎದ್ದರೆ ಡಿಸ್ಕಿನ ತೂಕ ಏರುಪೇರಾಗಿ ಕೊನೆಯ ಭಾಗ ಓದುವುದಿಲ್ಲ.

ಬ್ಯಾಕಪ್: ಎಲ್ಲಿ, ಎಷ್ಟು ಪ್ರತಿ

ಇಪ್ಪತ್ತು ಮಿನಿ ಡಿವಿ ಕ್ಯಾಸೆಟ್ ಎಂದರೆ 260 ಜಿಬಿ. ಅದನ್ನು ಡಿವಿಡಿಗಳಲ್ಲಿ ಡೇಟಾ ಆಗಿ ತುಂಬಲು 60 ಡಿಸ್ಕು ಬೇಕು. ಒಂದು ಕೆಟ್ಟರೂ ಒಂದು ಕ್ಯಾಸೆಟ್ಟಿನ ಮೂರನೆಯ ಒಂದು ಭಾಗ ಹೋಯಿತು. 25 ಜಿಬಿ ಬ್ಲೂ-ರೇ ಆದರೆ ಕ್ಯಾಸೆಟ್ಟಿಗೊಂದು. ಅದರಲ್ಲಿ ಎಂ-ಡಿಸ್ಕ್ ಬಗೆ ದೀರ್ಘ ಬಾಳಿಕೆಗೆಂದೇ ಮಾಡಿದ್ದು, ಮನೆಯ ಅತಿ ಮುಖ್ಯವಾದ ನಾಲ್ಕೈದು ಟೇಪುಗಳಿಗೆ ಹಾಕಬಹುದು. 2 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಸುಮಾರು 150 ಗಂಟೆಯ ಡಿವಿ ಹಿಡಿಯುತ್ತದೆ. ಬಹುಪಾಲು ಮನೆಗಳಿಗೆ ನಮ್ಮ ಸಲಹೆ ಬೇರೆ ಬೇರೆ ಕಂಪನಿಯ ಎರಡು ಹಾರ್ಡ್‌ಡಿಸ್ಕು: ಒಂದು ನಿಮ್ಮಲ್ಲಿ, ಇನ್ನೊಂದು ಊರಿನ ಮನೆಯಲ್ಲಿ. ಒಂದೇ ಬೀರುವಿನಲ್ಲಿಟ್ಟ ಎರಡು ಪ್ರತಿ ಕಳ್ಳತನಕ್ಕೂ ನೆರೆ ನೀರಿಗೂ ಒಂದೇ ಪ್ರತಿಯಿದ್ದಂತೆ.

ಎಸ್‌ಎಸ್‌ಡಿ ಎಡಿಟಿಂಗಿಗೆ ಚೆನ್ನ. ವರ್ಷಗಟ್ಟಲೆ ಕರೆಂಟಿಲ್ಲದೆ ಇಟ್ಟರೆ ಅದರೊಳಗಿನ ವಿದ್ಯುದಂಶ ಸೋರಿ ಮಾಹಿತಿ ಕೆಡಬಹುದು, ಹಾಗಾಗಿ ಬೀರುವಿಗೆ ಬೇಡ. ಪೆನ್‌ಡ್ರೈವಿಗೂ ಇದೇ ಮಾತು. ಮೂರನೆಯ ಪ್ರತಿ ಕ್ಲೌಡಿನಲ್ಲಿರಲಿ. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಒಂದು ಕ್ಯಾಸೆಟ್ಟಿಗೆ ಸುಮಾರು ಒಂದೂವರೆ ಗಂಟೆ, ಇಪ್ಪತ್ತಕ್ಕೆ ಒಂದು ದಿನಕ್ಕಿಂತ ಹೆಚ್ಚು. ಗೂಗಲಿನ ಉಚಿತ 15 ಜಿಬಿ ಒಂದೇ ಕ್ಯಾಸೆಟ್ಟಿಗೆ ಮುಗಿಯುತ್ತದೆ. ಗೂಗಲ್ ಫೋಟೋಸಿನಲ್ಲಿ ‘ಸ್ಟೋರೇಜ್ ಸೇವರ್’ ಆನ್ ಇದ್ದರೆ ವೀಡಿಯೊ ಕುಗ್ಗುತ್ತದೆ, ಮೂಲ ಫೈಲನ್ನು ಡ್ರೈವಿಗೇ ಹಾಕಿ. ಯೂಟ್ಯೂಬನ್ನು ಬ್ಯಾಕಪ್ ಎಂದುಕೊಳ್ಳಬೇಡಿ: ಅಲ್ಲಿ ಎಲ್ಲವೂ ಮತ್ತೆ ಕುಗ್ಗುತ್ತದೆ, ಸ್ಟುಡಿಯೋ ಹಾಕಿದ ಸಿನಿಮಾ ಹಾಡಿಗೆ ಹಕ್ಕುದಾರರ ತಕರಾರೂ ಬರುತ್ತದೆ.

ಡಿವಿ ಫೈಲನ್ನು ಜಾಗ ಉಳಿಸಲು ಎಚ್.264ಗೆ ಬದಲಿಸಿ ಮೂಲವನ್ನು ಅಳಿಸುವ ಯೋಚನೆ ಬೇಡ. ನಾಳೆ ಇನ್ನೂ ಒಳ್ಳೆಯ ಡಿಇಂಟರ್‌ಲೇಸರ್ ಬಂದಾಗ ಅದಕ್ಕೆ ಬೇಕಾಗುವುದು ಆ ಮೂಲವೇ.

ನಕಲು ಮಾಡಿದ ಮೇಲೆ ಪ್ರತಿ ಫೈಲಿನ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು, ಫೈಲುಗಳ ಜೊತೆಗೇ ಒಂದು ಪಠ್ಯ ಕಡತದಲ್ಲಿ ಇಡಿ. ವರ್ಷಕ್ಕೊಮ್ಮೆ ಎರಡೂ ಡಿಸ್ಕು ಜೋಡಿಸಿ ಚೆಕ್‌ಸಮ್ ಹೋಲಿಸಿ. ಒಂದರಲ್ಲಿ ತಪ್ಪಿದ ಫೈಲನ್ನು ಇನ್ನೊಂದರಿಂದ ಸರಿಪಡಿಸಿ. ಡಿಸ್ಕು ಟಿಕ್ ಟಿಕ್ ಸದ್ದು ಮಾಡಿದರೆ ಮತ್ತೆ ಮತ್ತೆ ಆನ್ ಮಾಡಿ ನೋಡದೆ ಅಲ್ಲಿಗೇ ನಿಲ್ಲಿಸಿ. ಕಾರ್ಡಿನಿಂದ ತಪ್ಪಿ ಅಳಿಸಿದ್ದರೆ ಅದರ ಮೇಲೆ ಇನ್ನೊಂದು ಕ್ಷಣವೂ ರೆಕಾರ್ಡ್ ಮಾಡದೆ, ಅಳಿಸಿದ ಫೈಲುಗಳನ್ನು ಹುಡುಕಿ ತರುವ ಫೋಟೋರೆಕ್ ಓಡಿಸಿ. ಬ್ಯಾಟರಿ ಹೋಗಿ ಅರ್ಧಕ್ಕೆ ನಿಂತ ಎಂಪಿ4 ತೆರೆಯದಿದ್ದರೆ, ಅದೇ ಕ್ಯಾಮೆರಾದ ಅದೇ ಸೆಟ್ಟಿಂಗಿನ ಒಂದು ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಪ್ರೋಗ್ರಾಮು ಹಲವು ಸಲ ಅದನ್ನು ಬದುಕಿಸುತ್ತದೆ.

ಎಲ್ಲ ಮುಗಿದ ಮೇಲೂ ಕ್ಯಾಸೆಟ್ ಎಸೆಯಬೇಡಿ. ಒಂದು ತುದಿಗೆ ಪೂರ್ತಿ ಸುತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ, ಸ್ಪೀಕರು ಮತ್ತು ಮೋಟಾರುಗಳಿಂದ ದೂರ ಇಡಿ. ಡಬ್ಬಿಯ ಮೇಲೆ ಯಾವ ಕ್ಯಾಸೆಟ್ ಯಾವ ಫೈಲಾಗಿದೆ ಎಂದು ಬರೆಯಿರಿ, ಮಳೆಗಾಲ ಕಳೆದ ಮೇಲೆ ಜೆಲ್ ಬದಲಿಸಿ.